ಮನೆ ಕೊಳ್ಳೋ ಮುಂಚೆ ಗೇಟ್ ಮುಂದಿನ ಹತ್ತಡಿ ನೋಡಿ: ಕಂಬ, ಚರಂಡಿ, ಮರ ಅಡ್ಡ ಇದ್ರೆ ಕಾರು ಒಳಗೆ ಹೋಗಲ್ಲ

ದಾವಣಗೆರೆ: ಹಳೇ ಬಡಾವಣೆಗಳಲ್ಲಿ ಮನೆ ನೋಡೋಕೆ ಹೋದ್ರೆ ಬ್ರೋಕರ್ ಬಾಯಲ್ಲಿ ಒಂದು ಮಾತು ಬಂದೇ ಬರುತ್ತೆ. ಈಗ ಕಾರ್ ಪಾರ್ಕಿಂಗ್ ಇಲ್ಲ ಸಾರ್, ಆದ್ರೆ ಮುಂದೆ ಹದಿನೆಂಟಡಿ ಖಾಲಿ ಇದೆ, ಕಾಂಪೌಂಡ್ ಒಡೆದು ದೊಡ್ಡ ಗೇಟ್ ಇಟ್ಕೊಂಡ್ರೆ ಮುಗೀತು. ಕೇಳೋಕೆ ಸಲೀಸು.

ಕಾಂಪೌಂಡ್ ಒಡೆಯೋದು ನಿಮ್ಮ ಕೈಲಿದೆ, ನಿಜ. ಅದರಾಚೆ ಇರೋ ಕರೆಂಟ್ ಕಂಬ, ಚರಂಡಿ, ಮರ, ಯುಜಿಡಿ ಚೇಂಬರ್ ನಿಮ್ಮ ಕೈಲಿಲ್ಲ. ಮನೆ ರಿಜಿಸ್ಟರ್ ಆಗಿ, ಬ್ಯಾಂಕಿನ ಕಂತು ಶುರುವಾಗಿ, ಗೇಟ್ ಕೆಲಸಕ್ಕೆ ಅಂತ ಮೇಸ್ತ್ರಿನ ಕರೆಸಿದ ದಿನ ಇದು ಗೊತ್ತಾಗುತ್ತೆ. ವಿನೋಬನಗರ, ಕೆ.ಟಿ.ಜೆ. ನಗರದಂಥ ಹಳೇ ಕಡೆ ಸಂಜೆ ಒಂದು ಸುತ್ತು ಹಾಕಿ ನೋಡಿ. ಮನೆ ಮುಂದೆ ಜಾಗ ಇದ್ದೂ ರಸ್ತೇಲಿ ನಿಂತಿರೋ ಕಾರು ಕಾಣುತ್ತೆ. ಎಲ್ಲರೂ ಸೋಮಾರಿತನಕ್ಕೆ ಹೊರಗೆ ನಿಲ್ಲಿಸಿರಲ್ಲ. ಕೆಲವರಿಗೆ ಒಳಗೆ ಹೋಗೋ ದಾರಿನೇ ಇಲ್ಲ.

ಕಾಗದದಲ್ಲಿ ಕಂಬ ಇರಲ್ಲ

ಮನೆ ಕೊಳ್ಳೋರು ಕಾಗದ ಪತ್ರ ಚೆನ್ನಾಗೇ ನೋಡ್ತಾರೆ. ಕ್ರಯಪತ್ರ, ಇಸಿ, ಇ-ಆಸ್ತಿ ಖಾತಾ, ಕಂದಾಯದ ರಸೀದಿ. ಇದ್ಯಾವುದರಲ್ಲೂ ಗೇಟ್ ಮುಂದೆ ಏನಿದೆ ಅಂತ ಇರಲ್ಲ. ಕ್ರಯಪತ್ರದ ಚೆಕ್ಕುಬಂದಿಲಿ ‘ಪೂರ್ವಕ್ಕೆ ರಸ್ತೆ’ ಅಂತ ಇರುತ್ತೆ, ಅಷ್ಟೇ. ಆ ರಸ್ತೆ ಅನ್ನೋ ಒಂದು ಪದದ ಒಳಗೆ ಕಂಬ, ಚರಂಡಿ, ಹೊಂಗೆ ಮರ ಎಲ್ಲಾ ಸೇರ್ಕೊಂಡಿದೆ. ಇಸಿ ಅಂದ್ರೆ ಋಣಭಾರ ಪತ್ರ. ಅದು ಸಾಲ, ಅಡಮಾನ, ಮಾರಾಟದ ಲೆಕ್ಕ ಕೊಡುತ್ತೆ. ಖಾತಾ ಅಳತೆ ಹೇಳುತ್ತೆ. ಬ್ಯಾಂಕ್ ವಕೀಲರು ಹಕ್ಕು ಸರಿ ಇದೆಯಾ ನೋಡ್ತಾರೆ, ಬ್ಯಾಂಕಿನಿಂದ ಬರೋ ಇಂಜಿನಿಯರ್ ಬೆಲೆ ಎಷ್ಟು ಅಂತ ನೋಡ್ತಾರೆ. ಕಾರು ಒಳಗೆ ತಿರುಗುತ್ತಾ ಅನ್ನೋದು ಇವರಿಬ್ಬರ ಕೆಲಸನೂ ಅಲ್ಲ.

ವಾಟ್ಸಾಪ್ ಗ್ರೂಪಲ್ಲಿ ಬರೋ ಫೋಟೋ ಅಂತೂ ನಂಬಲೇಬೇಡಿ. ಕಂಬ ಬೀಳದ ಹಾಗೆ ಓರೆಯಿಂದ ಫೋಟೋ ತೆಗೆಯೋದು ಬ್ರೋಕರ್‌ಗಳಿಗೆ ಚೆನ್ನಾಗಿ ಗೊತ್ತು.

ಕಾಂಪೌಂಡ್‌ನಿಂದ ಡಾಂಬರಿನ ತನಕ ಸಾಮಾನ್ಯವಾಗಿ ಐದರಿಂದ ಹತ್ತಡಿ ಇರುತ್ತೆ. ಅಷ್ಟರಲ್ಲೇ ಎಷ್ಟು ಜನ ಯಜಮಾನರು ನೋಡಿ. ಕಂಬ ಬೆಸ್ಕಾಂದು. ಅದೇ ಕಂಬದ ಮೇಲಿನ ಬೀದಿದೀಪ ಮಹಾನಗರ ಪಾಲಿಕೆದು. ಅದಕ್ಕೆ ಸುತ್ತಿರೋ ಟಿವಿ ಕೇಬಲ್ಲು, ಇಂಟರ್ನೆಟ್ ವೈರು ಖಾಸಗಿಯೋರದು. ಚರಂಡಿ ಪಾಲಿಕೆದು. ಮರ ಪಾಲಿಕೆ ಜಾಗದಲ್ಲಿದ್ರೂ ಕಡಿಯೋಕೆ ಅನುಮತಿ ಕೊಡೋರು ಅರಣ್ಯ ಇಲಾಖೆಯೋರು. ಒಂದು ಗೇಟ್ ಇಡೋಕೆ ಮೂರು ಆಫೀಸು ತಿರುಗಬೇಕಾದ್ರೂ ಆಶ್ಚರ್ಯ ಇಲ್ಲ.

ಇಲ್ಲಿ ಒಂದು ಗೊಂದಲ ಇದೆ, ಬಿಡಿಸಿ ಹೇಳ್ಬೇಕು. ಸಾರ್ವಜನಿಕ ರಸ್ತೆಗೆ ಅಂಟಿಕೊಂಡಿರೋ ಆಸ್ತಿಯ ಮಾಲೀಕನಿಗೆ ಆ ರಸ್ತೆಗೆ ಹೋಗಿ ಬರೋ ಹಕ್ಕು ಇದೆ. ಕೋರ್ಟುಗಳೂ ಇದನ್ನ ಒಪ್ಪಿವೆ. ಹಾಗಂತ ಚರಂಡಿ ಮೇಲೆ ನಮಗೆ ಬೇಕಾದ ಹಾಗೆ ಕಾಂಕ್ರೀಟ್ ಸುರಿಯೋ ಹಕ್ಕು ಅದರ ಜೊತೆ ಬರಲ್ಲ. ಕಂಬನ ಬಿಟ್ಟಿಯಾಗಿ ಸರಿಸಿ ಕೊಡಿ ಅನ್ನೋ ಹಕ್ಕೂ ಬರಲ್ಲ.

ಅಣ್ಣ ತಮ್ಮ ಭಾಗ ಆದ್ರು, ಕಂಬ ಅಲ್ಲೇ ಉಳೀತು

ನಗರದ ಹಳೇ ಬಡಾವಣೆಯ ಒಂದು ಕುಟುಂಬದ ವಿಷಯ ಹೇಳ್ತೀನಿ. ಹೆಸರು, ಬೀದಿ ಹಾಕ್ಬೇಡಪ್ಪ, ನೆಂಟರ ಮುಂದೆ ಮರ್ಯಾದೆ ಹೋಗುತ್ತೆ ಅಂದಿದ್ದಾರೆ.

ಅವರು ಕೊಂಡಿದ್ದು 20×60 ಜಾಗದ ಮನೆ. ಅದು ಮೊದಲು 40×60 ಸೈಟು. ಅಣ್ಣ ತಮ್ಮ ಭಾಗ ಆದಾಗ ಉದ್ದಕ್ಕೆ ಸೀಳಿದ್ರು. ನಲವತ್ತಡಿ ಮುಖ ಇದ್ದಾಗ ಮುಂದಿನ ಕಂಬ ಯಾರಿಗೂ ತೊಂದರೆ ಆಗಿರಲಿಲ್ಲ, ಗೇಟ್ ಆ ಕಡೆ ಇತ್ತು. ಸೀಳಿದ ಮೇಲೆ ಕಂಬ ಇವರ ಇಪ್ಪತ್ತಡಿ ಮುಖದ ನಡುಮಧ್ಯಕ್ಕೆ ಬಂತು. ಎಡಗಡೆ ಮಹಡಿಗೆ ಹೋಗೋ ಮೆಟ್ಟಿಲು ನಾಲ್ಕಡಿ ತಿಂದಿದೆ. ಮೆಟ್ಟಿಲಿಗೂ ಕಂಬಕ್ಕೂ ನಡುವೆ ಉಳಿದಿದ್ದು ಆರಡಿ. ಬಲಗಡೆ ಹತ್ತಡಿ ಇದೆಯಲ್ಲ ಅಂದ್ರೆ ಅಲ್ಲಿ ಕಂಬದ ಸ್ಟೇ ವೈರು ನೆಲಕ್ಕೆ ಇಳಿದಿದೆ. ಲೈನ್ ಅಲ್ಲಿಗೇ ಮುಗಿಯೋದ್ರಿಂದ ಕಂಬ ವಾಲಬಾರದು ಅಂತ ಹಾಕಿರೋ ಸ್ಟೇ ಅದು, ಬಿಚ್ಚೋ ಹಾಗಿಲ್ಲ.

ಮಾರುತಿ ಸ್ವಿಫ್ಟ್ ಕಾರಿನ ಅಗಲ 1,735 ಮಿಲಿಮೀಟರ್, ಹತ್ತಿರ ಹತ್ತಿರ ಐದೂಮುಕ್ಕಾಲು ಅಡಿ. ಇದು ಕನ್ನಡಿ ಬಿಟ್ಟು. ಆರಡಿ ಸಂದಿಲಿ ಅದನ್ನ ನೇರವಾಗಿ ತಳ್ಳಿದ್ರೂ ಕನ್ನಡಿ ಮಡಚಬೇಕು. ರಸ್ತೆಯಿಂದ ತಿರುಗಿಸ್ಕೊಂಡು ಒಳಗೆ ಹಾಕೋ ಮಾತೇ ಇಲ್ಲ.

ಮಂಡಿ ಸವೆದಿರೋ ತಾಯಿನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬಾಗಿಲ ತನಕ ಕಾರು ಬರಲಿ ಅಂತಲೇ ಅವರು ಆ ಮನೆ ಕೊಂಡಿದ್ದು. ಈಗ ಕಾರು ಎರಡು ಬೀದಿ ಆಚೆ ಒಂದು ಖಾಲಿ ಸೈಟಿನ ಪಕ್ಕ ನಿಲ್ಲುತ್ತೆ. ತಾಯಿ ಕುರ್ಚಿ ಹಾಕ್ಕೊಂಡು ಗೇಟಲ್ಲಿ ಕಾಯ್ತಾರೆ. ಕಂಬ ಸರಿಸೋಕೆ ಅರ್ಜಿ ಕೊಡೋಣ ಅಂತ ಹೋದಾಗ ಮೊದಲು ಬಂದ ಪ್ರಶ್ನೆ, ಸರಿಸಿ ಎಲ್ಲಿಗೆ ಹಾಕೋದು? ಎಡಗಡೆ ಮನೆಯೋರು ನಮ್ಮ ಗೇಟಿಗೆ ಅಡ್ಡ ಆಗುತ್ತೆ ಅಂದ್ರು. ಬಲಗಡೆ ಇರೋದು ಮನೆ ಮಾರಿದವರ ಅಣ್ಣ. ಅವರದು ಈಶಾನ್ಯಕ್ಕೆ ಭಾರ ಬರಬಾರದು ಅನ್ನೋ ವಾಸ್ತು ತಕರಾರು. ಆ ಕಂಬ ಇನ್ನೂ ಅಲ್ಲೇ ಇದೆ.

ಸೈಟು ಸೀಳೋದು ದಾವಣಗೆರೆಲಿ ಹೊಸದಲ್ಲ. ಹಳೇ ಲೇಔಟಿನ ದೊಡ್ಡ ಸೈಟುಗಳು ಮಕ್ಕಳ ಕಾಲಕ್ಕೆ ಎರಡು, ಮೊಮ್ಮಕ್ಕಳ ಕಾಲಕ್ಕೆ ಮೂರು ಆಗಿವೆ. ಕಂಬ ಸಾಮಾನ್ಯವಾಗಿ ಎರಡು ಸೈಟಿನ ಗಡಿಕಲ್ಲಿನ ಹತ್ತಿರ ಬರೋ ಹಾಗೆ ನೆಡ್ತಾರೆ. ಗಡಿ ಬದಲಾದ್ರೆ ಅದು ಯಾರದ್ದೋ ಬಾಗಿಲಿಗೆ ಬರುತ್ತೆ. ಅದಕ್ಕೇ ಮುಖ ಇಪ್ಪತ್ತಡಿಗಿಂತ ಕಮ್ಮಿ ಇರೋ, ಭಾಗ ಆಗಿರೋ ಮನೆ ನೋಡೋವಾಗ ಎರಡು ಪಟ್ಟು ಹುಷಾರಾಗಿರಿ.

ಕಂಬ ಸರಿಸೋಕೆ ಆಗುತ್ತೆ, ಆದ್ರೆ

ಕಂಬ ಸ್ಥಳಾಂತರ ಆಗದ ಕೆಲಸ ಏನಲ್ಲ. ಬೆಸ್ಕಾಂ ಉಪವಿಭಾಗದ ಕಚೇರಿಗೆ ಅರ್ಜಿ ಕೊಡ್ಬೇಕು. ಶಾಖಾಧಿಕಾರಿ ಜಾಗ ನೋಡಿ ಅಂದಾಜು ಪಟ್ಟಿ ಮಾಡ್ತಾರೆ. ನಮ್ಮ ಅನುಕೂಲಕ್ಕೆ ಸರಿಸೋದಾದ್ರೆ ಖರ್ಚು ನಮ್ಮದೇ. ಸ್ವಯಂ ನಿರ್ವಹಣೆ ಅಂತ ಒಂದು ದಾರಿ ಇದೆ. ಅದರಲ್ಲಿ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ನಾವೇ ಕೆಲಸ ಮಾಡಿಸಿ, ಬೆಸ್ಕಾಂಗೆ ಮೇಲ್ವಿಚಾರಣೆ ಶುಲ್ಕ ಕಟ್ತೀವಿ. ಯಾವ ದಾರಿಲಿ ಹೋದ್ರೂ ಮಂಜೂರಾತಿ ಬರದೆ ಕಂಬ ಮುಟ್ಟೋ ಹಾಗಿಲ್ಲ. ಲೈನ್‌ಮನ್‌ಗೆ ಏನಾದ್ರೂ ಕೊಟ್ಟು ಭಾನುವಾರ ಸರಿಸಿಬಿಡೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ. ಲೈನ್ ಕ್ಲಿಯರ್ ಇಲ್ಲದೆ ಕೆಲಸ ಮಾಡಿ ಯಾರಿಗಾದ್ರೂ ಶಾಕ್ ಹೊಡೆದ್ರೆ ಜವಾಬ್ದಾರಿ ನಿಮ್ಮ ತಲೆ ಮೇಲೂ ಬರುತ್ತೆ.

ಖರ್ಚು ಜಾಗದಿಂದ ಜಾಗಕ್ಕೆ ಬೇರೆ. ಬರೀ ಒಂದು ಕಂಬ ಕಿತ್ತು ನೆಡೋದಾದ್ರೆ ಸುಲಭ. ಆದ್ರೆ ಒಂದು ಕಂಬದಿಂದ ನಾಲ್ಕೈದು ಮನೆಗೆ ಸರ್ವಿಸ್ ವೈರ್ ಹೋಗಿರುತ್ತೆ, ಅವೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಆ ಕಡೆ ಈ ಕಡೆ ಕಂಬಗಳ ಅಂತರ ಬದಲಾದ್ರೆ ಇನ್ನೊಂದು ಕಂಬ ಹೆಚ್ಚಿಗೆ ಬೇಕಾಗಬಹುದು. ಅದಕ್ಕೇ ಪಕ್ಕದ ಮನೆಯೋನು ಹತ್ತು ವರ್ಷದ ಹಿಂದೆ ಕೊಟ್ಟ ರೇಟು ಹಿಡ್ಕೊಂಡು ಲೆಕ್ಕ ಹಾಕ್ಬೇಡಿ.

ಕಂಬದಲ್ಲೂ ಜಾತಿ ಇದೆ. ಮನೆಗಳಿಗೆ ಕರೆಂಟ್ ಕೊಡೋ ಕೆಳ ಒತ್ತಡದ ಒಂಟಿ ಕಂಬ ಆದ್ರೆ ಮಾತಾಡಬಹುದು. ಜೋಡಿ ಕಂಬದ ಮೇಲೆ ಟಿಸಿ ಕೂತಿದ್ರೆ, ಅಂದ್ರೆ ಟ್ರಾನ್ಸ್‌ಫಾರ್ಮರ್ ಇದ್ರೆ, ಅದನ್ನ ಸರಿಸೋ ಆಸೆಲಿ ಮನೆ ಕೊಳ್ಳಬೇಡಿ. ಇಡೀ ಬೀದಿಯ ಲೋಡ್ ಅದರ ಮೇಲಿರುತ್ತೆ. 11 ಕೆ.ವಿ. ಲೈನ್ ಮನೆ ಮುಂದೆ ಹಾದು ಹೋಗಿದ್ರೆ ಇನ್ನೊಂದು ಲೆಕ್ಕ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ ಆ ತಂತಿಗೂ ಕಟ್ಟಡಕ್ಕೂ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಲೇಬೇಕು. ಕೆಳ ಒತ್ತಡದ ತಂತಿಗೂ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 2.5 ಮೀಟರ್. ಕಾರಿಗೆ ಮಳೆ ಬೀಳಬಾರದು ಅಂತ ಕಾಂಪೌಂಡ್ ತನಕ ಆರ್‌ಸಿಸಿ ಹಾಕಿ, ಅದರ ಮೇಲೆ ಬಟ್ಟೆ ಒಣಗಿಸೋಕೆ ಹತ್ತೋರು ಈ ಅಂತರನ ಮರೆತಿರ್ತಾರೆ. ಇದು ಜೀವದ ಪ್ರಶ್ನೆ. ಕಾರ್ ಶೆಡ್ ಇಲ್ಲದಿದ್ರೂ ನಡೆಯುತ್ತೆ.

ಚರಂಡಿ ದಾಟೋ ಲೆಕ್ಕ

ಕಂಬ ಕಣ್ಣಿಗೆ ಕಾಣುತ್ತೆ. ಚರಂಡಿ, ರ‍್ಯಾಂಪ್ ವಿಷಯದಲ್ಲಿ ಎಡವೋರು ಅದಕ್ಕಿಂತ ಜಾಸ್ತಿ, ಯಾಕಂದ್ರೆ ಇಲ್ಲಿ ತೊಂದರೆ ಇರೋದು ಎತ್ತರದಲ್ಲಿ.

ಒಂದು ಲೆಕ್ಕ ಹಾಕಿ ನೋಡಿ. ಮನೆ ಮುಂದಿನ ನೆಲ ರಸ್ತೆಗಿಂತ ಒಂದೂವರೆ ಅಡಿ ಎತ್ತರ ಇದೆ ಅಂದ್ಕೊಳ್ಳಿ. ಕಾರು ಆರಾಮಾಗಿ ಹತ್ತಬೇಕು ಅಂದ್ರೆ ಎಂಟಡಿಗೆ ಒಂದಡಿ ಏರು ಇರಬೇಕು. ಅಂದ್ರೆ ಹನ್ನೆರಡಡಿ ಉದ್ದದ ರ‍್ಯಾಂಪ್. ಕಾಂಪೌಂಡಿಂದ ಡಾಂಬರಿಗೆ ಇರೋದೇ ಐದಡಿ. ಆ ಐದಡಿಲೇ ಒಂದೂವರೆ ಅಡಿ ಹತ್ತಿಸಿದ್ರೆ ಹತ್ತಿರ ಹತ್ತಿರ ಮೂರಡಿಗೆ ಒಂದಡಿಯಷ್ಟು ಕಡಿದು ಆಗುತ್ತೆ. ಸ್ವಿಫ್ಟಿಗೆ ನೆಲದಿಂದ ಇರೋ ಎತ್ತರ 163 ಮಿಲಿಮೀಟರ್, ಆರೂವರೆ ಇಂಚು ಅಂತ ಇಟ್ಕೊಳ್ಳಿ. ರ‍್ಯಾಂಪ್ ಮುಗಿದು ಸಪಾಟು ಶುರುವಾಗೋ ಮೂಲೆಗೆ ಹೊಟ್ಟೆ ಉಜ್ಜುತ್ತೆ. ನಾಲ್ಕು ಜನ ಕೂತಿದ್ರೆ ಗ್ಯಾರಂಟಿ ಉಜ್ಜುತ್ತೆ.

ಇದಕ್ಕೆ ಜನ ಕಂಡ್ಕೊಂಡಿರೋ ದಾರಿ ರ‍್ಯಾಂಪನ್ನ ಡಾಂಬರಿನ ಮೇಲೆ ಇನ್ನೂ ಮೂರಡಿ ಎಳೆಯೋದು. ಒಬ್ಬರು ಎಳೆದ್ರೆ ಬೀದಿಯೋರೆಲ್ಲ ಎಳೀತಾರೆ. ಮೂವತ್ತಡಿ ರಸ್ತೆ ಇಪ್ಪತ್ತನಾಲ್ಕಡಿ ಆಗುತ್ತೆ, ವಯಸ್ಸಾದವರು ಓಡಾಡೋ ಅಂಚು ಏರು ಇಳಿವಿನ ಬೆಟ್ಟ ಆಗುತ್ತೆ, ಮಳೆ ನೀರು ರ‍್ಯಾಂಪಿಗೆ ಬಡಿದು ಎದುರು ಮನೆಗೆ ನುಗ್ಗುತ್ತೆ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರಲ್ಲಿ ಸಾರ್ವಜನಿಕ ರಸ್ತೆಗೆ ಅಡ್ಡ ಆಗೋ ಕಟ್ಟೋಣ ತೆಗೆಸೋ ಅಧಿಕಾರ ಆಯುಕ್ತರಿಗಿದೆ. ಹರಿಹರ, ಚನ್ನಗಿರಿಯಂಥ ಊರುಗಳಿಗೆ ಕರ್ನಾಟಕ ಪುರಸಭೆಗಳ ಕಾಯ್ದೆ 1964 ಬರುತ್ತೆ, ಅಲ್ಲೂ ಇಂಥದ್ದೇ ಅಧಿಕಾರ ಇದೆ. ಜೊತೆಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಅಂತ ಹೇಳಿದೆ. ಇಷ್ಟು ವರ್ಷ ಯಾರೂ ಕೇಳಿಲ್ಲ ಅನ್ನೋದು ಮುಂದೆಯೂ ಕೇಳಲ್ಲ ಅನ್ನೋಕೆ ಆಧಾರ ಅಲ್ಲ. ಹೊಸ ಚರಂಡಿ ಕೆಲಸಕ್ಕೆ ಜೆಸಿಬಿ ಬಂದ ದಿನ ಮೊದಲು ಹೋಗೋದೇ ರ‍್ಯಾಂಪು.

ಸರಿಯಾದ ದಾರಿ ಏರನ್ನ ಗೇಟಿನ ಒಳಗೆ ತಗೊಳ್ಳೋದು. ಅಂದ್ರೆ ಕಾಂಪೌಂಡ್ ಒಳಗಿನ ನೆಲನೇ ತಗ್ಗಿಸಬೇಕು. ಇದಕ್ಕೆ ಒಳಗೆ ಉದ್ದ ಬೇಕು. ಬಹಳ ಸಣ್ಣ ಕಾರುಗಳು ನಾಲ್ಕು ಮೀಟರ್ ಒಳಗೇ ಇರ್ತಾವೆ, ತೆರಿಗೆ ಕಮ್ಮಿ ಬೀಳುತ್ತೆ ಅಂತ. ಅಂದ್ರೆ ಹದಿಮೂರಡಿ. ಎರ್ಟಿಗಾ ಥರದ್ದಾದ್ರೆ ಹದಿನಾಲ್ಕೂವರೆ ಅಡಿ. ಗೇಟ್ ಒಳಕ್ಕೆ ತೆರೆಯೋದಾದ್ರೆ ಅದರ ಜಾಗನೂ ಸೇರಿಸಿ. ಬ್ರೋಕರ್ ಹೇಳಿದ ಹದಿನೆಂಟಡಿ ಈಗ ಸಾಲದು ಅನಿಸುತ್ತೆ ಅಲ್ವಾ? ಜಾರೋ ಗೇಟ್ ಹಾಕ್ಸಿದ್ರೆ ಸ್ವಲ್ಪ ಉಳಿಯುತ್ತೆ, ಆದ್ರೆ ಅದು ಜಾರಿಕೊಳ್ಳೋಕೆ ಪಕ್ಕಕ್ಕೆ ಗೇಟಿನಷ್ಟೇ ಉದ್ದದ ಗೋಡೆ ಬೇಕು. ನೆಲ ತಗ್ಗಿಸಿದ್ರೆ ಗೇಟಿನ ಅಡಿಲಿ ಅಡ್ಡಕ್ಕೆ ಜಾಲರಿ ಇಟ್ಟು ನೀರು ಚರಂಡಿಗೆ ಹೋಗೋ ಹಾಗೆ ಮಾಡಿ. ಇಲ್ಲದಿದ್ರೆ ಮುಂಗಾರಿಗೆ ರಸ್ತೆ ನೀರು ಪೋರ್ಟಿಕೋಗೆ ಬರುತ್ತೆ. ಹಾಗೇ ಆ ಖಾಲಿ ಜಾಗದ ಕೆಳಗೆ ಸಂಪು ಇದೆಯಾ ಕೇಳಿ. ಹಳೇ ಮನೆಗಳಲ್ಲಿ ಮುಂದಿನ ಅಂಗಳದಲ್ಲೇ ಸಂಪು ಇರುತ್ತೆ. ಬಟ್ಟೆ ಒಗೆಯೋರ ಭಾರಕ್ಕೆ ಅಂತ ಹಾಕಿದ ಮುಚ್ಚಳದ ಮೇಲೆ ಒಂದು ಟನ್ ಕಾರು ಹತ್ತಿಸೋದು ಬೇಡ.

ಚರಂಡಿ ಮೇಲಿನ ಸ್ಲ್ಯಾಬಿಗೆ ಪಾಲಿಕೆಯ ವಾರ್ಡ್ ಇಂಜಿನಿಯರ್‌ನ ಕೇಳಿ, ಒಪ್ಪಿಗೆ ತಗೊಂಡೇ ಹಾಕಿ. ಒಂದೇ ಹಾಸಾಗಿ ಎರಕ ಹೊಯ್ಯಬೇಡಿ. ಎರಡೆರಡು ಅಡಿ ಅಗಲದ ತುಂಡುಗಳು, ಎತ್ತೋಕೆ ಕೊಂಡಿ ಇರೋ ಹಾಗೆ ಮಾಡಿಸಿ. ಪೌರಕಾರ್ಮಿಕರು ಹೂಳು ತೆಗೆಯೋಕೆ ಬಂದಾಗ ಸ್ಲ್ಯಾಬ್ ಎತ್ತೋಕೆ ಆಗದಿದ್ರೆ ನಿಮ್ಮ ಗೇಟಿನ ಕೆಳಗೆ ಕಟ್ಕೊಂಡ ನೀರು ಮೇಲಿನ ಹತ್ತು ಮನೆಗೆ ನಿಲ್ಲುತ್ತೆ.

ರಸ್ತೆ ಎತ್ತರವೂ ಶಾಶ್ವತ ಅಲ್ಲ. ಹಳೇ ಡಾಂಬರ್ ಅಗೆಯದೆ ಅದರ ಮೇಲೇ ಕಾಂಕ್ರೀಟ್ ಹಾಕಿದ ಬೀದಿಗಳಲ್ಲಿ ಒಂದು ಕಾಲಕ್ಕೆ ಎತ್ತರದಲ್ಲಿದ್ದ ಮನೆ ಈಗ ರಸ್ತೆಗೆ ಸಮ ಆಗಿವೆ, ಕೆಲವು ಕೆಳಗೂ ಹೋಗಿವೆ. ಆ ಬೀದಿಗೆ ರಸ್ತೆ ಕೆಲಸ ಮಂಜೂರಾಗಿದೆಯಾ ಅಂತ ಪಾಲಿಕೆಲಿ ವಿಚಾರಿಸಿ. ಆಗಿದ್ರೆ ಕೆಲಸ ಮುಗಿಯೋ ತನಕ ರ‍್ಯಾಂಪ್ ಲೆಕ್ಕ ಹಾಕ್ಬೇಡಿ.

ಮರ ಇದ್ರೆ ಗೇಟ್ ಸರಿಸಿ

ಗೇಟ್ ಜಾಗದಲ್ಲಿ ಮರ ಇದ್ರೆ ಕಡಿಸಿಬಿಡೋಣ ಅನ್ನೋದು ಸುಲಭದ ಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯೋ ಹಾಗಿಲ್ಲ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಆದ್ರೆ ರಸ್ತೆ ಬದಿಯ ಮರ ನಿಮ್ಮದೇ ಅಲ್ಲ, ಹಾಗಾಗಿ ಆ ವಿನಾಯಿತಿ ನಿಮಗೆ ಕೆಲಸಕ್ಕೆ ಬರಲ್ಲ. ಒಣಗಿದೆ, ಬೀಳೋ ಹಾಗಿದೆ ಅಂದ್ರೆ ಅನುಮತಿ ಸಿಗಬಹುದು. ಕಾರು ನಿಲ್ಲಿಸ್ಬೇಕು ಅನ್ನೋ ಕಾರಣಕ್ಕೆ ಸಿಗುತ್ತೆ ಅಂತ ನಂಬ್ಕೊಂಡು ಅಡ್ವಾನ್ಸ್ ಕೊಡಬೇಡಿ. ಬುಡಕ್ಕೆ ಆಸಿಡ್ ಹಾಕೋದು, ತೊಗಟೆ ಸುಲಿಯೋದು ಇನ್ನೂ ಕೆಟ್ಟದ್ದು, ಅದೂ ಅಪರಾಧನೇ.

ನನ್ನ ಕೇಳಿದ್ರೆ ಮರ ಅಡ್ಡ ಇದ್ರೆ ಗೇಟನ್ನೇ ಮೂರಡಿ ಆ ಕಡೆ ಹಾಕಿಸ್ಕೊಳ್ಳಿ. ದಾವಣಗೆರೆ ಏಪ್ರಿಲ್ ಬಿಸಿಲು ಎಂಥದ್ದು ಅಂತ ಇಲ್ಲಿನೋರಿಗೆ ಹೇಳ್ಬೇಕಾಗಿಲ್ಲ, ಮಧ್ಯಾಹ್ನ ಎರಡಕ್ಕೆ ಕಾರಿನ ಸ್ಟೇರಿಂಗ್ ಮುಟ್ಟಿ ನೋಡಿ. ವಾಸ್ತು ಒಪ್ಪಲ್ಲ ಅಂತೀರಾ? ಮನುಷ್ಯರು ಬರೋ ಬಾಗಿಲು ವಾಸ್ತು ಪ್ರಕಾರ ಇರಲಿ, ಕಾರು ಬರೋ ಗೇಟು ಬೇರೆ ಕಡೆ ಇರಲಿ. ಹೀಗೆ ಎರಡು ಗೇಟ್ ಮಾಡ್ಕೊಂಡಿರೋರು ಬಹಳ ಜನ ಇದ್ದಾರೆ.

ನೆಲದಲ್ಲಿರೋ ವಸ್ತುಗಳನ್ನೂ ನೋಡ್ಕೊಳ್ಳಿ. ಯುಜಿಡಿ ಮ್ಯಾನ್‌ಹೋಲ್ ಗೇಟಿನ ನೇರಕ್ಕಿದ್ರೆ ಅದನ್ನ ರ‍್ಯಾಂಪಿನ ಕೆಳಗೆ ಮುಚ್ಚೋ ಹಾಗಿಲ್ಲ. ಕಟ್ಕೊಂಡಾಗ ತೆಗೆಯೋಕೆ ಬೇಕು. ಜಲಸಿರಿ ನೀರಿನ ಮೀಟರ್ ಪೆಟ್ಟಿಗೆ, ವಾಲ್ವ್ ಗುಂಡಿ ಇದ್ರೆ ಅದರ ಮೇಲೆ ಚಕ್ರ ಹರಿಯದ ಹಾಗೆ ಗೇಟ್ ಅಳತೆ ಮಾಡಿ.

ಮನೆ ಎದುರು ನಾಗರಕಟ್ಟೆ, ಅಶ್ವತ್ಥಕಟ್ಟೆ, ಸಣ್ಣ ಗುಡಿ ಇದ್ರೆ ಅದು ಅಲ್ಲೇ ಇರುತ್ತೆ ಅಂತ ತಿಳ್ಕೊಂಡು ಮುಂದುವರೀರಿ. ನಂಜನಗೂಡಿನ ದೇವಸ್ಥಾನ ಒಡೆದ ಗಲಾಟೆ ಆದ ಮೇಲೆ 2021ರಲ್ಲಿ ಸಾರ್ವಜನಿಕ ಜಾಗದ ಧಾರ್ಮಿಕ ಕಟ್ಟಡ ಉಳಿಸೋಕೆ ರಾಜ್ಯದಲ್ಲಿ ಕಾಯ್ದೆನೇ ಬಂದಿದೆ. ಮಂಡಕ್ಕಿ ಮಿರ್ಚಿ ಗಾಡಿ, ಬೀಡಾ ಅಂಗಡಿ ಇದ್ರೆ, ಬೀದಿಬದಿ ವ್ಯಾಪಾರಿಗಳಿಗೂ 2014ರ ಕಾಯ್ದೆಯ ರಕ್ಷಣೆ ಇದೆ. ಗಾಡಿಯೋರ ಜೊತೆ ಮಾತಾಡಿ ನಾಲ್ಕಡಿ ಸರಿಸ್ಕೊಳ್ಳೋದು ಆಗೋ ಕೆಲಸ. ಓಡಿಸ್ತೀನಿ ಅಂತ ಹೋದ್ರೆ ಬೀದಿಯೋರೇ ನಿಮ್ಮ ವಿರುದ್ಧ ಆಗ್ತಾರೆ.

ರಸ್ತೆ ಕಿರಿದಾದಷ್ಟೂ ಗೇಟ್ ಅಗಲ ಬೇಕು

ಗೇಟ್ ಮುಂದೆ ಏನೂ ಅಡ್ಡ ಇಲ್ಲ ಅಂತ ಖುಷಿ ಪಡೋ ಮುಂಚೆ ಎದುರು ಮನೆ ಕಡೆ ತಿರುಗಿ ನೋಡಿ. ಸ್ವಿಫ್ಟ್ ಒಂದೇ ಏಟಿಗೆ ಪೂರ್ತಿ ತಿರುಗೋಕೆ 9.6 ಮೀಟರ್, ಅಂದ್ರೆ ಮೂವತ್ತೊಂದಡಿ ಅಗಲ ಬೇಕು. ಗೇಟಿಗೆ ಹಾಕೋಕೆ ಪೂರ್ತಿ ತಿರುಗಬೇಕಾಗಿಲ್ಲ, ಆದ್ರೂ ಇಪ್ಪತ್ತಡಿ ರಸ್ತೆಲಿ ಎದುರಿಗೆ ಒಂದು ಕಾರು ನಿಂತಿದ್ರೆ ನಿಮಗೆ ಉಳಿಯೋದು ಹದಿಮೂರು ಹದಿನಾಲ್ಕಡಿ. ಎಂಟಡಿ ಗೇಟ್ ಇದ್ರೆ ಮೂರು ಸಲ ಹಿಂದೆ ಮುಂದೆ ಮಾಡ್ಬೇಕು, ಅಷ್ಟರಲ್ಲಿ ಹಿಂದೆ ಆಟೋದೋನು ಹಾರ್ನ್ ಹೊಡೀತಾನೆ. ಅಂಥ ಕಡೆ ಹನ್ನೆರಡಡಿ ಗೇಟ್ ಇಟ್ಟರೆ ಬದುಕ್ತೀರ.

ಬಾಡಿಗೆ ಹಾಸ್ಟೆಲ್, ಟ್ಯೂಷನ್, ಕಲ್ಯಾಣ ಮಂಟಪ, ಹೆಸರಾದ ಬೆಣ್ಣೆದೋಸೆ ಹೋಟೆಲ್ ಹತ್ತಿರ ಇರೋ ಮನೆಗಳಿಗೆ ಇನ್ನೊಂದು ತಲೆನೋವು. ಗೇಟಿಗೆ ಅಡ್ಡ ಬೈಕ್ ಬಿದ್ದಿರುತ್ತೆ. ‘ನೋ ಪಾರ್ಕಿಂಗ್’ ಅಂತ ಬೋರ್ಡ್ ತಗಲಾಕಿದ್ರೆ ಅದಕ್ಕೆ ಕಾನೂನಿನ ಬಲ ಇಲ್ಲ, ನಿಲುಗಡೆ ನಿಷೇಧ ಮಾಡೋದು ಅಧಿಕಾರ ಇರೋ ಕಚೇರಿ. ಕಲ್ಲು, ಹೂಕುಂಡ ಇಟ್ಟು ರಸ್ತೆ ಹಿಡ್ಕೊಳ್ಳೋದೂ ತಪ್ಪೇ. ಹಾಗಂತ ನಿಮ್ಮ ಗೇಟಿಗೆ ಅಡ್ಡ ಗಾಡಿ ನಿಲ್ಲಿಸೋಕೆ ಯಾರಿಗೂ ಹಕ್ಕಿಲ್ಲ. ಸಂಚಾರ ಠಾಣೆಗೆ ಫೋನ್ ಮಾಡಬಹುದು, ಆದ್ರೆ ದಿನಾ ಫೋನ್ ಮಾಡ್ಕೊಂಡು ಇರೋಕೆ ಆಗುತ್ತಾ ಅನ್ನೋದು ಮನೆ ಕೊಳ್ಳೋ ಮುಂಚೆ ಯೋಚಿಸೋ ವಿಷಯ.

ಅಡ್ವಾನ್ಸ್ ಕೊಡೋ ಮುಂಚೆ

ಮನೆನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೋಡ್ತೀವಿ. ಆಗ ಬೀದಿ ಖಾಲಿ. ಒಂದ್ಸಲ ಕೆಲಸದ ದಿನ ರಾತ್ರಿ ಎಂಟೂವರೆಗೆ ಹೋಗಿ, ಎಲ್ಲರ ಗಾಡಿ ಮನೆಗೆ ಬಂದಿರುತ್ತೆ. ಆಗಿದ್ರೆ ಜೋರು ಮಳೆ ಬಂದ ಮಾರನೇ ದಿನವೂ ಹೋಗಿ. ಕಾರನ್ನ, ನಿಮ್ಮದಿಲ್ಲದಿದ್ರೆ ಗೆಳೆಯರದ್ದನ್ನ, ತಗೊಂಡು ಹೋಗಿ ಗೇಟ್ ಬರೋ ಜಾಗಕ್ಕೆ ಮೂತಿ ಹಾಕಿ ನೋಡಿ. ಟೇಪ್ ಹಿಡಿದು ಕಂಬದಿಂದ ಗಡಿಗೆ, ಸ್ಟೇಯಿಂದ ಗಡಿಗೆ, ಚರಂಡಿ ಅಗಲ, ನೆಲದ ಎತ್ತರ ಬರ್ಕೊಳ್ಳಿ. ಮನೆಯೋರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ನಲವತ್ತು ಐವತ್ತು ಲಕ್ಷದ ವ್ಯಾಪಾರದಲ್ಲಿ ಒಂದು ಗಂಟೆ ಟೇಪ್ ಹಿಡಿಯೋದಕ್ಕೆ ನಾಚಿಕೆ ಯಾಕೆ?

ಪಕ್ಕದ ಮನೆ ಅಜ್ಜನ್ನೋ ಅಜ್ಜಿನ್ನೋ ಮಾತಾಡಿಸಿ. ಹಿಂದಿನೋರು ಯಾಕೆ ಗೇಟ್ ಇಟ್ಟಿರಲಿಲ್ಲ ಅಂತ ಕೇಳಿ. ಮೂವತ್ತು ವರ್ಷ ಇದ್ದೋರು ಕಾರಿದ್ದೂ ಗೇಟ್ ಇಟ್ಟಿಲ್ಲ ಅಂದ್ರೆ ಏನೋ ಕಾರಣ ಇರುತ್ತೆ, ಅದು ಬ್ರೋಕರ್‌ಗಿಂತ ಅಜ್ಜಿಗೆ ಚೆನ್ನಾಗಿ ಗೊತ್ತಿರುತ್ತೆ. ಕಂಬ ಸರಿಸ್ಬೇಕು ಅನ್ನೋದಾದ್ರೆ ಅದು ಹೋಗಬೇಕಾದ ಜಾಗ ಯಾರ ಮುಂದೆ ಬರುತ್ತೋ ಅವರ ಜೊತೆ ಮೊದಲೇ ಮಾತಾಡಿ. ಕೊಂಡ ಮೇಲೆ ಕೇಳಿದ್ರೆ ನೀವು ಹೊಸಬರು, ಅವರು ಹಳಬರು.

ಬೆಲೆ ಮಾತಾಡೋವಾಗ ಪಾರ್ಕಿಂಗ್ ಇರೋ ಮನೆ ರೇಟಿಗೆ ಪಾರ್ಕಿಂಗ್ ‘ಮಾಡ್ಕೋಬಹುದಾದ’ ಮನೆ ಕೊಳ್ಳಬೇಡಿ. ಕಂಬ, ಸ್ಲ್ಯಾಬ್, ಗೇಟ್, ನೆಲ ತಗ್ಗಿಸೋ ಖರ್ಚು ಮೇಸ್ತ್ರಿ ಹತ್ತಿರ ಬರೆಸಿ, ಅದನ್ನ ಮುಂದಿಟ್ಟು ಇಳಿಸಿ. ಕಂಬ ಸರಿಯೋದು ನಿಮಗೆ ಮುಖ್ಯ ಅನ್ನೋದಾದ್ರೆ ಕ್ರಯದ ಕರಾರಿನಲ್ಲೇ ಬರೆಸಿ. ಸ್ಥಳಾಂತರ ಮಂಜೂರಾಗಿ ಕೆಲಸ ಮುಗಿದ ಮೇಲೆ ರಿಜಿಸ್ಟ್ರೇಷನ್, ಇಂಥಾ ತಾರೀಖಿನೊಳಗೆ ಆಗದಿದ್ರೆ ಮುಂಗಡ ವಾಪಸ್. ವಕೀಲರಿಗೆ ಇದು ಎರಡು ಸಾಲಿನ ಕೆಲಸ. ಅರ್ಜಿ ಮಾರೋರ ಹೆಸರಲ್ಲೇ ಹೋಗಲಿ, ಮನೆಯ ಆರ್‌ಆರ್ ನಂಬರ್ ಹೇಗೂ ಅವರ ಹೆಸರಲ್ಲೇ ಇರುತ್ತೆ. ಅಣ್ಣನ್ನೋ ಪಕ್ಕದ ಮನೆಯೋರನ್ನೋ ಒಪ್ಪಿಸೋದು ಇಷ್ಟು ವರ್ಷ ಅಲ್ಲಿ ಬಾಳಿದೋರಿಗೆ ಸುಲಭ. ಅರ್ಜಿಯ ಸ್ವೀಕೃತಿ, ಅಂದಾಜು ಪಟ್ಟಿ, ದುಡ್ಡು ಕಟ್ಟಿದ ರಸೀದಿ ಮೂರರ ಜೆರಾಕ್ಸ್ ನಿಮ್ಮ ಹತ್ತಿರ ಇಟ್ಕೊಳ್ಳಿ. ಕರಾರಿಗೆ ಸಹಿ ಹಾಕೋ ದಿನವೇ ಗೇಟ್ ಮುಂದಿನ ಜಾಗದ ನಾಲ್ಕು ಫೋಟೋ, ಈ ಸಲ ನೇರವಾಗಿ ನಿಂತು, ನಿಮ್ಮ ಫೋನಲ್ಲಿ ತೆಗೆದಿಟ್ಕೊಳ್ಳಿ.